ಒಂದು ಈಡಿನ ತೂಕ

‘ಈಡು’ ಎಂಬುದು ಎರಡೇ ಅಕ್ಷರದ ಶಬ್ದ. ಅದರ ಅರ್ಥಗಳಾದರೋ ಹಲವು. ‘ಅವನಿಗೆ ಈಡಾದವರು ಊರಲ್ಲಿಲ್ಲ’ ಎಂದರೆ ಸರಿಸಮಾನರು ಇಲ್ಲವೆಂದಾಯಿತು. ‘ಸಾಲಕ್ಕೆ ಗದ್ದೆಯನ್ನು ಈಡು ಕೊಟ್ಟರು’ ಎಂದರೆ ಭದ್ರತೆಯಾಗಿ ಬರೆದುಕೊಟ್ಟರೆಂದು ತಾತ್ಪರ್ಯ. ನೆರೆಯ ಮಲೆಯಾಳದಲ್ಲಿಯೂ ಈ ಅರ್ಥ ಬಳಕೆಯಲ್ಲಿದೆಯಾದ್ದರಿಂದ ಗಡಿನಾಡಿನ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರನೆಯ ಅರ್ಥ ಕೋವಿಗೆ ಸಂಬಂಧಿಸಿದ್ದು. ಒಂದು ಸಲ ಸಿಡಿಸಲು ಬೇಕಾಗುವ ಮದ್ದುಗುಂಡು ಒಂದು ಈಡು. ಈ ಮೂರು ಅರ್ಥಗಳೂ ಒಂದೇ ಮೇಜಿನ ಮುಂದೆ ಬಂದು ಸೇರುವುದನ್ನು ನಾವು ಕಂಡೆವು. ಆ ವಿಚಾರವನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ನಾವು ಹುಟ್ಟಿ ಬೆಳೆದದ್ದು ಕಾಸರಗೋಡಿನ ಮೂಡು ಮಗ್ಗುಲಲ್ಲಿ, ಗುಡ್ಡಕಾಡುಗಳ ನಡುವಣ ಅಡಕೆತೋಟದ ಮನೆಯಲ್ಲಿ. ಅಂತಹ ಮನೆಗಳಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿಯ ಕೋವಿಯೊಂದು ಇರುವುದು ಅಪರೂಪವಾಗಿರಲಿಲ್ಲ. ನಮ್ಮ ಅಜ್ಜನದು ಕೇಪಿನ ಕೋವಿ. ನಳಿಗೆಯ ಬಾಯಿಂದಲೇ ಮಸಿ ಸುರಿದು, ತೆಂಗಿನ ನಾರನ್ನು ಗಜದಿಂದ ಜಡಿದು, ಗುಂಡಿಳಿಸಿ, ಕೊನೆಗೆ ಕುದುರೆ ಬಡಿಯುವ ತಾವಿನಲ್ಲಿ ಕೇಪು ಇರಿಸಬೇಕು. ಗಜವೆಂದರೆ ನಳಿಗೆಯೊಳಗೆ ಇಳಿಯುವ ಉದ್ದನೆಯ ಕಬ್ಬಿಣದ ಕಡ್ಡಿ. ಒಂದು ಈಡಿಗೆ ಇಷ್ಟೆಲ್ಲ ಕೆಲಸ. ಹಂದಿ ಅಷ್ಟರೊಳಗೆ ಗೆಣಸಿನ ಸಾಲನ್ನು ಮುಗಿಸಿ ಹೋಗಿರುತ್ತಿತ್ತು.

ಅಜ್ಜನಿಗೆ ಒಂದು ಕ್ರಮವಿತ್ತು. ಕೋವಿಯನ್ನು ಗೋಡೆಯಿಂದ ಇಳಿಸಿದೊಡನೆ, ಮಸಿಯ ಬುರುಡೆಯನ್ನು ಮುಟ್ಟುವ ಮೊದಲು, ಬರಿಯ ಗಜವನ್ನು ನಳಿಗೆಗೆ ಇಳಿಸಿ ನೋಡುವರು. ಗಜದ ಮೇಲೆ ಅರದಿಂದ ಗೀಚಿದ ಒಂದು ಗುರುತು ಇತ್ತು. ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಬಂದರೆ ಕೋವಿ ಖಾಲಿ; ಗುರುತು ಮೇಲೆ ನಿಂತರೆ ಒಳಗೆ ಈಡು ಇದೆ. ಸಂಜೆ ತಾನೇ ಖಾಲಿಮಾಡಿ ತೂಗುಹಾಕಿದ ಕೋವಿಯನ್ನು ರಾತ್ರಿ ತೆಗೆದರೂ ಗಜ ಇಳಿಯಲೇಬೇಕು. ‘ಗೊತ್ತಿದ್ದ ಮೇಲೂ ಯಾಕೆ ನೋಡುವುದು?’ ಎಂದು ಬಾಲ್ಯದಲ್ಲಿ ನಾವು ಕೇಳಿದ್ದುಂಟು. ‘ಗೊತ್ತಿದೆ ಎಂಬುದು ನನಗೆ, ಕೋವಿಗೆ ಅಲ್ಲ’ ಎಂಬುದು ಅವರ ಉತ್ತರ. ನೆರೆಯ ತೋಟದವರೊಬ್ಬರು ಹಾಗೆ ನೋಡದೆ ತುಂಬಿದ ಕೋವಿಗೆ ಮತ್ತೊಂದು ಈಡು ತುಂಬಿ ಸಿಡಿಸಿದರು. ನಳಿಗೆ ಬಿರಿದು ಅವರ ಎಡಗೈಯ ಎರಡು ಬೆರಳುಗಳು ಹೋದವು. ಅವರೇನೂ ಹುಡುಗಾಟದ ಮನುಷ್ಯರಲ್ಲ. ಇಪ್ಪತ್ತು ವರ್ಷ ಕೋವಿ ಹಿಡಿದವರು. ಇಪ್ಪತ್ತು ವರ್ಷದ ಆ ಅಭ್ಯಾಸವೇ ಅವರನ್ನು ಮೋಸಗೊಳಿಸಿತೆಂದು ಅಜ್ಜ ಹೇಳುತ್ತಿದ್ದರು.

ಇದೆಲ್ಲ ಮತ್ತೆ ನೆನಪಿಗೆ ಬಂದದ್ದು 2023ರಲ್ಲಿ. ಆ ವರ್ಷದ ಬೇಸಗೆ ರಜೆಯಲ್ಲಿ ನಾವು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿರುವ ಸೋದರಳಿಯನ ಮನೆಗೆ ಹೋಗಿ ಒಂದು ತಿಂಗಳು ಇದ್ದೆವು. ದೇಶ ನೋಡುವ ಆಸೆ ಇಲ್ಲದಿರಲಿಲ್ಲ. ಆದರೆ ಬರಲೇಬೇಕೆಂದು ಹಟ ಹಿಡಿದವಳು ಅವನ ತಾಯಿ, ನಮ್ಮ ತಂಗಿ. ಆಗ ಅವಳು ಮಗನಲ್ಲಿಗೆ ಹೋಗಿದ್ದಳು. ‘ಅಣ್ಣಾ, ಇವನು ಮನೆಯ ಕೆಳಗಿನ ಕೋಣೆಯಲ್ಲಿ ಕುಳಿತು ತೋಟೆಗೆ ಮದ್ದು ತುಂಬಿಸುತ್ತಾನೆ. ಆರು ವರ್ಷದ ಮಗು ಓಡಾಡುವ ಮನೆ ಇದು. ನಾನು ಹೇಳಿದರೆ ನಗುತ್ತಾನೆ. ನೀನೊಮ್ಮೆ ಬಂದು ಬುದ್ಧಿ ಹೇಳು’ ಎಂದು ದೂರವಾಣಿಯಲ್ಲಿ ಅತ್ತಳು. ಮೂವತ್ತು ವರ್ಷ ಊರಿನ ಮಕ್ಕಳಿಗೆ ಬುದ್ಧಿ ಹೇಳಿದವರಿಗೆ ಇಂತಹ ಕರೆಗಳು ಬರುವುದು ಸಹಜ.

ಅಳಿಯ ಅಲ್ಲಿಯ ಪೌರತ್ವ ಪಡೆದವನು. ಪಿಸ್ತೂಲಿನಿಂದ ಗುರಿ ಹೊಡೆಯುವ ಒಂದು ಕ್ಲಬ್ಬಿನ ಸದಸ್ಯ. ಬೇಟೆಯ ಗೊಡವೆ ಅವನಿಗಿಲ್ಲ. ಅಲ್ಲಿ ‘ಬುಲ್ಸ್ ಐ’ ಎಂಬ ಹಳೆಯ ಕ್ರಮದ ಸ್ಪರ್ಧೆಯುಂಟು. ನೆಟ್ಟಗೆ ನಿಂತು, ಒಂದೇ ಕೈಯನ್ನು ಚಾಚಿ, ಐವತ್ತು ಮತ್ತು ಇಪ್ಪತ್ತೈದು ಯಾರ್ಡ್ ದೂರದ ಕಾಗದದ ಗುರಿಗೆ ಹೊಡೆಯಬೇಕು. ಪೂರ್ಣ ಸ್ಪರ್ಧೆಯಲ್ಲಿ ಮೂರು ಬಗೆಯ ಪಿಸ್ತೂಲುಗಳಿಂದ ತೊಂಬತ್ತರಂತೆ 270 ಹೊಡೆತ. ಒಂದಕ್ಕೆ ಹತ್ತರಂತೆ ಗರಿಷ್ಠ 2700 ಅಂಕ. ಐವತ್ತು ಯಾರ್ಡಿನ ಗುರಿಯಲ್ಲಿ ಹತ್ತು ಅಂಕದ ವರ್ತುಲದ ಅಡ್ಡಗಲ ಮೂರೂವರೆ ಅಂಗುಲಕ್ಕೂ ಕಡಿಮೆ. ಒಹಾಯೋ ಪ್ರಾಂತದ ಕ್ಯಾಂಪ್ ಪೆರಿ ಎಂಬಲ್ಲಿ 1907ರಿಂದ ಮೊದಲ್ಗೊಂಡು ರಾಷ್ಟ್ರೀಯ ಗುರಿಸ್ಪರ್ಧೆಗಳು ನಡೆದು ಬಂದಿವೆ.

ಇಷ್ಟಕ್ಕೆ ತೋಟೆಯನ್ನು ಮನೆಯಲ್ಲೇಕೆ ತುಂಬಬೇಕು? ನಮ್ಮ ಮೊದಲ ಪ್ರಶ್ನೆಯೂ ಅದೇ ಆಗಿತ್ತು. ಅವನು ಒಂದು ಹಿಡಿ ಖಾಲಿ ತೋಟೆಗಳನ್ನು ಮೇಜಿನ ಮೇಲೆ ಸುರಿದು, ಶಾಲೆಯ ಹುಡುಗನಂತೆ ನಿಂತು ವಿವರಿಸಿದ. ತೋಟೆಗೆ ನಾಲ್ಕು ಅಂಗಗಳು: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕಿಡಿಯೇಳಿಸುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಸಿಡಿದಾಗ ಕೇಪು ಸತ್ತುಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ. ಉಳಿಯುವುದು ಕವಚ, ನಾಲ್ಕರಲ್ಲಿ ಬೆಲೆಯುಳ್ಳದ್ದೂ ಅದೇ. ಸಿಡಿತದ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಪಿಸ್ತೂಲಿನ ಒಳಗೋಡೆಗೆ ಅಂಟಿಕೊಂಡು ಬಿಸಿಗಾಳಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಹಿಗ್ಗಿದುದನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಸತ್ತ ಕೇಪನ್ನು ಕಳೆದು ಹೊಸದನ್ನು ಕೂರಿಸಿ, ಮದ್ದು ಹಾಕಿ ಗುಂಡನ್ನು ಒತ್ತಿದರೆ ತೋಟೆಗೆ ಮರುಜನ್ಮ. ಬಾಯಿ ಸೀಳುವವರೆಗೂ ಒಂದು ಕವಚ ಹಲವು ಜನ್ಮ ಕಾಣುತ್ತದೆ. ಸಣ್ಣ ಬಾಯಿಯ .22 ತೋಟೆಗೆ ಮಾತ್ರ ಈ ಭಾಗ್ಯವಿಲ್ಲ. ಅದರ ಕಿಡಿಯ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುವುದರಿಂದ ಒಮ್ಮೆ ಬಡಿದರೆ ಮುಗಿಯಿತು.

ಹಣದ ಉಳಿತಾಯ ಒಂದು ಕಾರಣ. ಎರಡನೆಯ ಕಾರಣ ನಮಗೆ ಹೆಚ್ಚು ರುಚಿಸಿತು. ಕಾರ್ಖಾನೆಯ ತೋಟೆ ಎಲ್ಲರ ಪಿಸ್ತೂಲಿಗೂ ಒಗ್ಗಬೇಕಾದದ್ದು. ಗುರಿಕಾರನಿಗೆ ಬೇಕಾದದ್ದು ತನ್ನ ಪಿಸ್ತೂಲಿಗೆ ಒಗ್ಗಿದ, ಕೈಯನ್ನು ಹೆಚ್ಚು ಕುಲುಕದ, ಎಲ್ಲಕ್ಕಿಂತ ಮುಖ್ಯವಾಗಿ ಒಂದರಂತೆ ಇನ್ನೊಂದು ಇರುವ ತೋಟೆ. ಬಲ ಅವನಿಗೆ ಬೇಡ. ಕಾಗದಕ್ಕೆ ತೂತು ಬಿದ್ದರೆ ಸಾಕು. ಇದಕ್ಕಾಗಿ ಮೂತಿ ಚಪ್ಪಟೆಯಾದ ಸೀಸದ ಗುಂಡುಗಳನ್ನು ಬಳಸುತ್ತಾರೆ. ಚೂಪುಗುಂಡು ಕಾಗದವನ್ನು ಹರಿಯುತ್ತದೆ. ಚಪ್ಪಟೆಗುಂಡು ಬಿಲ್ಲೆಯಂತೆ ಕತ್ತರಿಸಿ ದುಂಡನೆಯ ತೂತನ್ನುಳಿಸುತ್ತದೆ. ಅಂಕ ಎಣಿಸುವವರಿಗೆ ಜಗಳವಿಲ್ಲ. ಒಂದು ತೋಟೆಯಲ್ಲಿ ಮದ್ದು ತುಸು ಹೆಚ್ಚಾದರೆ ಗುಂಡಿನ ವೇಗ ಬದಲಾಗಿ ತೂತು ಬೇರೆಡೆ ಬೀಳುತ್ತದೆ. ಆಗ ತಪ್ಪು ಕೈಯದೋ ಮದ್ದಿನದೋ ತಿಳಿಯದು. ಈಡುಗಳೆಲ್ಲ ಸಮನಾಗಿದ್ದರೆ ಮಾತ್ರ ಮನುಷ್ಯನಿಗೆ ತನ್ನ ತಪ್ಪು ಕಾಣುತ್ತದೆ. ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದು ಇನ್ನೇತಕ್ಕೆ?

ಮದ್ದನ್ನು ಅವನು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಈ ಮಾನ ಯುರೋಪಿನಲ್ಲಿ ಹುಟ್ಟಿದ್ದು ಧಾನ್ಯದ ಕಾಳಿನಿಂದ. ಏಳು ಸಾವಿರ ಗ್ರೇನಿಗೆ ಒಂದು ಪೌಂಡು. ಒಂದು ಗ್ರೇನೆಂದರೆ ಸುಮಾರು 65 ಮಿಲಿಗ್ರಾಂ. ಇದನ್ನು ಕೇಳಿ ತಂಗಿಯೇ ಮೊದಲು ಕಿವಿ ನಿಮಿರಿಸಿದಳು. ‘ಹಾಗಾದರೆ ಗುಲಗಂಜಿಯ ಹಾಗೆ’ ಎಂದಳು. ನಾವು ಕಾಗದ ತೆಗೆದು ಲೆಕ್ಕ ಹಾಕಿದೆವು. ಎಂಟು ಗುಲಗಂಜಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲ ಎಂಬುದು ಹಳೆಯ ಕೋಷ್ಟಕ. ಅಂದರೆ ತೊಲಕ್ಕೆ 96 ಗುಲಗಂಜಿ. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರ ಬೆಳ್ಳಿಯ ರೂಪಾಯಿಯ ತೂಕವಾದ 180 ಗ್ರೇನನ್ನೇ ಒಂದು ತೊಲವೆಂದು ನಿಗದಿಗೊಳಿಸಿತು. ಭಾಗಿಸಿದರೆ ಒಂದು ಗುಲಗಂಜಿಗೆ 1.875 ಗ್ರೇನ್, ಎರಡಕ್ಕೆ ತುಸು ಕಡಿಮೆ. ಅಳಿಯನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸುತ್ತಿತ್ತು. ನಮ್ಮೂರ ಚಿನಿವಾರ ಆಚಾರಿಯ ಗುಲಗಂಜಿಯನ್ನು ಹತ್ತೊಂಬತ್ತು ಚೂರು ಮಾಡಿದರೆ ಬರುವ ಒಂದು ಚೂರಿನ ಭಾರವದು!

ಆದರೆ ತಂಗಿಯ ದೂರು ತೂಕದ ಸೂಕ್ಷ್ಮತೆಯಿಂದ ತೀರುವಂತಹದಲ್ಲ. ಅವಳ ಭಯಕ್ಕೆ ಆಧಾರವಿತ್ತು. 2020ರಲ್ಲಿ ಆ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕೇ ಆಯಿತು. ವಾಹನಾಪಘಾತವೂ ಅದರ ಹಿಂದಾಯಿತು. ಇದನ್ನು ಅವಳು ಪತ್ರಿಕೆಯಲ್ಲಿ ಓದಿದ್ದಳು. ‘ಇವನು ಎಚ್ಚರದವನೇ ಇರಬಹುದು. ಎಚ್ಚರ ತಪ್ಪುವ ಒಂದು ದಿನ ಎಲ್ಲರಿಗೂ ಇಲ್ಲವೇ?’ ಎಂಬ ಅವಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ವಾರ ಅಳಿಯ ನಮ್ಮಿಬ್ಬರನ್ನೂ ಗೆಟಿಸ್ಬರ್ಗಿಗೆ ಕರೆದೊಯ್ದ. 1863ರ ಜುಲೈ ಮೊದಲ ಮೂರು ದಿನ ಅಮೆರಿಕದ ಅಂತರ್ಯುದ್ಧದ ಘೋರ ಕಾಳಗ ನಡೆದ ಬಯಲದು. ಯುದ್ಧ ಮುಗಿದ ಮೇಲೆ ಅಲ್ಲಿ ಬಿದ್ದಿದ್ದ ಬಂದೂಕುಗಳನ್ನು ಆರಿಸಿ ಎಣಿಸಿದರಂತೆ: 27,574. ಅವುಗಳಲ್ಲಿ ಸುಮಾರು 24,000 ತುಂಬಿದ್ದವು. ತುಂಬಿದವುಗಳ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು. ಕಾಲುಭಾಗದಲ್ಲಿ ಮೂರರಿಂದ ಹತ್ತು ಈಡು! ಅವೂ ಅಜ್ಜನ ಕೋವಿಯಂತೆ ಬಾಯಿಂದ ತುಂಬುವಂತಹವು. ಗದ್ದಲ, ಹೊಗೆ, ಸಾವಿನ ಭಯಗಳ ನಡುವೆ ತನ್ನ ಬಂದೂಕು ಸಿಡಿಯಿತೋ ಇಲ್ಲವೋ ಎಂಬುದೇ ತಿಳಿಯದೆ, ಕಲಿತ ಪಾಠದಂತೆ ಕೈ ಮತ್ತೆ ಮತ್ತೆ ತುಂಬುತ್ತಿತ್ತು. ಕವಾಯತಿನಲ್ಲಿ ತುಂಬಲು ಕಲಿಸಿದ್ದರು. ನೋಡಲು ಕಲಿಸಿರಲಿಲ್ಲ ಎಂದು ನಮಗೆ ತೋರಿತು.

ಮರಳುವ ದಾರಿಯಲ್ಲಿ ನೆರೆಯವರ ಬೆರಳುಗಳ ಕಥೆಯನ್ನು ಅಳಿಯನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ನಾವು ಹೆದರುವುದೂ ಅದಕ್ಕೇ’ ಎಂದ. ಹಳೆಯ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾಗಿತ್ತು. ಕವಚದ ಒಡಲನ್ನೆಲ್ಲ ತುಂಬುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ಸಿದ್ಧಗೊಳಿಸಿದ ಬಳಿಕ ಕೊಂಚ ಮದ್ದಿನಿಂದಲೇ ಕೆಲಸ ಸಾಗುವಂತಾಯಿತು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರಿಮದ್ದಿಗೆಂದೇ ರೂಪಿಸಿದ .38 ಸ್ಪೆಷಲ್‌ನಂತಹ ಕವಚಗಳು ಅದೇ ಗಾತ್ರದಲ್ಲಿ ಉಳಿದುಕೊಂಡವು. ಹೊಸ ಮದ್ದು ತಳದಲ್ಲಿ ಒಂದಿಷ್ಟು ಕುಳಿತು ಮೇಲೆಲ್ಲ ಖಾಲಿ ಉಳಿಯುತ್ತದೆ. ಆದ್ದರಿಂದ ಕೈಮರೆತು ಎರಡು ಸಲ ಹಾಕಿದರೂ ಅದು ತುಳುಕುವುದಿಲ್ಲ. ಗುಂಡನ್ನು ಒತ್ತಿದ ಮೇಲೆ ಹೊರಗಿನಿಂದ ತಿಳಿಯುವುದೂ ಇಲ್ಲ. ಎರಡು ಈಡಿನ ಹಳೆಯ ಶಾಪ ಹೊಸ ವೇಷದಲ್ಲಿ ಹಿಂಬಾಲಿಸಿ ಬಂದಿದೆ.

ಮರುದಿನ ಅವನು ಕೆಲಸಕ್ಕೆ ಕುಳಿತಾಗ, ಅವನ ಒಪ್ಪಿಗೆ ಪಡೆದು ನಾವಿಬ್ಬರೂ ಕೋಣೆಯಲ್ಲಿ ಕುಳಿತೆವು. ಮಾತಾಡುವಂತಿಲ್ಲ, ದೂರವಾಣಿ ಹೊರಗೆ. ಮಗು ಮೇಲಿನ ಮನೆಯಲ್ಲಿ ತಾಯಿಯೊಂದಿಗೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ. ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಒಂದೇ ಡಬ್ಬಿ, ಉಳಿದವು ಬೀಗದೊಳಗೆ. ಐವತ್ತು ಗುಳಿಗಳ ಮರದ ಹಲಗೆಯಲ್ಲಿ ಐವತ್ತು ಕವಚಗಳನ್ನು ಸಾಲಾಗಿ ನಿಲ್ಲಿಸಿ ಮದ್ದು ಹಾಕಿದ ಮೇಲೆ, ಗುಂಡು ಒತ್ತುವ ಮೊದಲು, ದೀಪವನ್ನು ತಗ್ಗಿಸಿ ಐವತ್ತರ ಬಾಯಿಗಳನ್ನೂ ಒಂದೊಂದಾಗಿ ಇಣುಕಿ ನೋಡಿದ. ಅಜ್ಜನ ಗಜವೇ ದೀಪವಾಗಿ ಬಂದಂತೆ ನಮಗೆ ಕಂಡಿತು.

‘ನಾನೂ ನೋಡಬಹುದೇ?’ ಎಂದು ತಂಗಿ ಎದ್ದಳು. ಅರ್ಧ ಶತಮಾನ ಅಕ್ಕಿಯ ಕಲ್ಲು ಆರಿಸಿದ ಕಣ್ಣು ಅದು. ಸಾಲಿನ ಮೇಲೆ ಬೆರಳಾಡಿಸುತ್ತಾ ಹೋಗಿ ಮೂವತ್ತರ ಆಚೆ ಒಂದರ ಮೇಲೆ ನಿಲ್ಲಿಸಿ, ‘ಇದರಲ್ಲಿ ಒಂಚೂರು ಮೇಲೆ ಬಂದ ಹಾಗಿದೆಯಲ್ಲ’ ಎಂದಳು. ಅಳಿಯ ಬಗ್ಗಿ ನೋಡಿದ. ಅವನಿಗೆ ವ್ಯತ್ಯಾಸ ಕಾಣಲಿಲ್ಲ. ಆದರೂ ಆ ಮದ್ದನ್ನು ತಕ್ಕಡಿಗೆ ಸುರಿದು ತೂಗಿದ. ತೂಕ ಸರಿಯಾಗಿಯೇ ಇತ್ತು. ತಂಗಿ ನಾಚಿ ಹಿಂದೆ ಸರಿದಳು. ಆಗ ಅವನು ಮಾಡಿದ್ದನ್ನು ನಾವು ಮರೆಯಲಾರೆವು. ಅಷ್ಟು ಹೊತ್ತಿನ ಕೆಲಸವಾದ ಐವತ್ತನ್ನೂ ಡಬ್ಬಿಗೆ ಮರಳಿ ಸುರಿದು ಮೊದಲಿನಿಂದ ಪ್ರಾರಂಭಿಸಿದ. ‘ತೂಕ ಸರಿಯಿತ್ತಲ್ಲ?’ ಎಂದರೆ, ‘ಅಮ್ಮನಿಗೆ ಸಂಶಯ ಬಂತು. ಒಂದರ ಮೇಲೆ ಸಂಶಯ ಬಂದರೆ ಉಳಿದವನ್ನು ನಂಬಿ ಹೊಡೆಯಲಾರೆ’ ಎಂದ. ಕೆಲಸ ಮುಗಿದ ಮೇಲೆ ಸೀಸದ ಅಂಶ ಉಳಿಯದಂತೆ ಕೈಗಳನ್ನು ಸಾಬೂನಿನಿಂದ ತೊಳೆದು, ಅಂಗಿ ಬದಲಿಸಿದ ಬಳಿಕವೇ ಮಗಳನ್ನು ಎತ್ತಿಕೊಂಡ.

ಇದರಿಂದ ತಂಗಿಯ ಮನಸ್ಸು ಪೂರ್ತಿ ತಿರುಗಿತೆಂದು ಹೇಳಿದರೆ ಸುಳ್ಳಾದೀತು. ಬಂದೂಕು ಇರುವ ಮನೆಯಲ್ಲಿ ಮೊಮ್ಮಗಳು ಬೆಳೆಯುವುದು ಅವಳಿಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಅತ್ತು ಹೇಳುತ್ತಿದ್ದುದನ್ನು ಅಂದು ರಾತ್ರಿ ಶರತ್ತುಗಳಾಗಿ ಹೇಳಿದಳು. ಪಿಸ್ತೂಲು ಒಂದು ಉಕ್ಕಿನ ಪೆಟ್ಟಿಗೆಯಲ್ಲಿ, ತೋಟೆ ಇನ್ನೊಂದರಲ್ಲಿ. ಎರಡಕ್ಕೂ ಬೇರೆ ಬೀಗ. ಬೀಗದ ಸಂಖ್ಯೆ ಗಂಡಹೆಂಡಿರಿಗೆ ಮಾತ್ರ. ಮನಸ್ಸಿಗೆ ಬೇಸರವಾದ ದಿನ, ನಿದ್ದೆಗೆಟ್ಟ ದಿನ ಆ ಕೋಣೆಗೆ ಇಳಿಯಕೂಡದು. ಮೊದಲನೆಯವು ಆಗಲೇ ಇದ್ದವು. ಕೊನೆಯದನ್ನು ಅಳಿಯ ಹೊಸದಾಗಿ ಒಪ್ಪಿಕೊಂಡ. ಬುದ್ಧಿ ಹೇಳಲು ಹೋದ ನಮಗೆ ಹೇಳಲು ಉಳಿದದ್ದು ಕಡಿಮೆ.

ನಮ್ಮ ದೇಶದಲ್ಲಿ ಹೀಗೆ ಮನೆಯಲ್ಲಿ ಕುಳಿತು ತೋಟೆ ತುಂಬಲು ಹೊರಡುವಂತಿಲ್ಲ. 1959ರ ಆಯುಧ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗೆಂದು ಗುರಿಯ ವಿದ್ಯೆಯಲ್ಲಿ ನಾವು ಹಿಂದುಳಿದವರಲ್ಲ. ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡೆಗಳಲ್ಲಿ ಸೆಂಟರ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. 2006ರಲ್ಲಿ ದೋಹಾದಲ್ಲಿ ಅದೇ ಸ್ಪರ್ಧೆಯಲ್ಲಿ 600ಕ್ಕೆ 590 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ಅವರಿಂದಲೇ ತರಬೇತಿ ಪಡೆದ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಕಂಚು ತಂದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಗಾಳಿ ಪಿಸ್ತೂಲಿನಿಂದ ಬೆಳ್ಳಿ ಗೆದ್ದ ಕನ್ನಡಿಗರು. ಗಾಳಿ ಪಿಸ್ತೂಲಿನಲ್ಲಿ ಮದ್ದೇ ಇಲ್ಲ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವರ್ತುಲ 11.5 ಮಿಲಿಮೀಟರ್ ಮಾತ್ರ. ಗುರಿಯ ಆಸೆಯುಳ್ಳ ಮಕ್ಕಳಿಗೆ ಅಲ್ಲಿಂದ ಪ್ರಾರಂಭಿಸುವುದು ಲೇಸು. ಕೈ ಕಲಿತಷ್ಟೂ ತಾಳ್ಮೆಯೂ ಕಲಿಯಬೇಕಾದ ವಿದ್ಯೆಯಿದು. ಹಂಗೆರಿಯ ಕಾರೋಯ್ ಟಕಾಚ್ ಎಂಬ ಸೈನಿಕನ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ನಾಶವಾಯಿತು. ಅವನು ಎಡಗೈಗೆ ಮೊದಲಿನಿಂದ ಪಾಠ ಹೇಳಿಸಿ 1948ರಲ್ಲಿಯೂ 1952ರಲ್ಲಿಯೂ ಒಲಿಂಪಿಕ್ ಚಿನ್ನ ಗೆದ್ದ.

ಊರಿಗೆ ಮರಳಿದ ಮೇಲೆ ಅಜ್ಜನ ಕೋವಿಯ ಪ್ರಶ್ನೆ ಬಂತು. ಅದರ ಪರವಾನಗಿ ಈಗ ದೊಡ್ಡಪ್ಪನ ಮಗ ಅಣ್ಣನ ಹೆಸರಿನಲ್ಲಿದೆ. 2024ರ ಲೋಕಸಭಾ ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿದ ಕೋವಿಯನ್ನು ಮರಳಿ ತಂದ ದಿನ ಅಣ್ಣ, ‘ನನಗೆ ಕೈ ನಡುಗುತ್ತದೆ, ಇನ್ನು ಇದು ಬೇರೆಯವರಿಗೆ ಆಗಲಿ’ ಎಂದರು. ಕಾಡುಹಂದಿಯ ಕಾಟ ಕಡಿಮೆಯಾಗಿಲ್ಲ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಹಂದಿಗಳನ್ನು ಪರವಾನಗಿಯುಳ್ಳವರಿಂದ ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಮೇಲೆ ಯುವಕರಿಗೂ ಉತ್ಸಾಹ ಬಂದಿದೆ. ಅಣ್ಣನ ಹಿರಿಯ ಮಗ ಅರ್ಜಿ ಹಾಕುವೆನೆಂದ. ಕೊಡುವುದು ಬಿಡುವುದು ಅಧಿಕಾರಿಗಳ ಕೈಯಲ್ಲಿದ್ದರೂ ಮನೆಯವರು ನಮ್ಮ ಅಭಿಪ್ರಾಯ ಕೇಳಿದರು.

ನಾವು ಅವನನ್ನು ಒಂದೇ ಪ್ರಶ್ನೆ ಕೇಳಿದೆವು: ‘ಈ ಕೋವಿಯಲ್ಲಿ ಈಡು ಇದೆಯೋ?’

‘ಇಲ್ಲ ಚಿಕ್ಕಪ್ಪ. ಠಾಣೆಗೆ ಕೊಂಡುಹೋಗುವ ಮೊದಲೇ ಅಪ್ಪ ಖಾಲಿ ಮಾಡಿದ್ದಾರೆ, ನನಗೆ ಗೊತ್ತುಂಟು’ ಎಂದ, ತಡೆಯಿಲ್ಲದೆ.

ಅವನು ಹೇಳಿದ್ದು ನಿಜವೇ ಆಗಿತ್ತು. ಅಣ್ಣ ಮಾತಾಡದೆ ಎದ್ದು, ನಡುಗುವ ಕೈಯಿಂದಲೇ ಗಜವನ್ನು ನಳಿಗೆಗೆ ಇಳಿಸಿದರು. ಗುರುತು ಬಾಯಿಗೆ ಸರಿಯಾಗಿ ಬಂತು. ಆದರೂ ನಾವು, ‘ಈ ವರ್ಷ ಅರ್ಜಿ ಬೇಡ. ಒಂದು ಮಳೆಗಾಲ ಅಪ್ಪನ ಪಕ್ಕದಲ್ಲಿ ಕುಳಿತು ನೋಡುವುದನ್ನು ಕಲಿತುಕೋ’ ಎಂದೆವು. ಹುಡುಗನಿಗೆ ಬೇಸರವಾಯಿತು. ಅಣ್ಣ ಒಪ್ಪಿದರು.

ಮದ್ದು ತುಂಬುವ ವಿದ್ಯೆ ಒಂದು ದಿನದಲ್ಲಿ ಬರುತ್ತದೆ. ನೂರು ಸಲ ಸರಿಯಿದ್ದುದನ್ನು ನೂರ ಒಂದನೆಯ ಸಲ ಹೊಸದೆಂಬಂತೆ ಇಣುಕಿ ನೋಡುವುದು ವರ್ಷಗಳ ಅಭ್ಯಾಸ. ದಿನವೂ ಅದೇ ಹಾಜರಿ ಕರೆಯುವ ಉಪಾಧ್ಯಾಯರಿಗೂ, ದಿನವೂ ಅದೇ ಮದ್ದು ಅಳೆದು ಕೊಡುವ ದಾದಿಯರಿಗೂ, ಬಸ್ಸು ನಡೆಸುವವರಿಗೂ ಈ ಮಾತು ಸಲ್ಲುತ್ತದೆ. ಕೋವಿಯ ವಿಷಯದಲ್ಲಿ ಅದು ತಪ್ಪಿದರೆ ತಿದ್ದಲು ಅವಕಾಶವಿರುವುದಿಲ್ಲವೆಂಬುದಷ್ಟೆ ವ್ಯತ್ಯಾಸ. ಸಾಲ ಕೊಡುವವರು ಭದ್ರತೆಗೆಂದು ಗದ್ದೆಯನ್ನು ಈಡು ಕೇಳುತ್ತಾರೆ. ಕೋವಿ ಕೇಳುವವನಿಂದ ಅವನ ಗಮನವನ್ನು ಈಡು ಕೇಳುವುದು ಮನೆಯ ಹಿರಿಯರ ಕೆಲಸ.